ಎರಡನೇ ವಿಳಾಸ

ಕುಮುದಾಳಿಗೆ ತಲೆ ಕೆಟ್ಟಿದೆ ಎಂದು ಸಾಗರದಲ್ಲಿ ಹೇಳುವವರಿದ್ದಾರೆ. ಹೇಳುವವರ ಬಾಯಿಗೆ ಬೀಗ ಹಾಕಲು ನನ್ನಿಂದಾಗದು. ಆದರೆ ನಾನು ಪುಷ್ಪಮ್ಮ, ಅವಳ ಜೊತೆ ಒಂದೇ ಆಸ್ಪತ್ರೆಯಲ್ಲಿ ದುಡಿದ ನರ್ಸು, ನನ್ನ ಮನೆಯ ಹಿಂದಿನ ಕೋಣೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟವಳು. ಅವಳು ಬಟ್ಟೆ ಒಣಹಾಕುವ ರೀತಿಯಿಂದ ಹಿಡಿದು ಮಾತು ನುಂಗಿಕೊಳ್ಳುವ ರೀತಿಯವರೆಗೆ ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ. ಏನು ನಡೆಯಿತೆಂಬುದು ನನಗೆ ಗೊತ್ತು. ಗೊತ್ತಿಲ್ಲದವರೇ ಜಾಸ್ತಿ ಮಾತಾಡುತ್ತಿರುವುದರಿಂದ ಸಿಟ್ಟು ತಡೆಯಲಾರದೆ ಬರೆಯುತ್ತಿದ್ದೇನೆ.

ಅವಳು ರಿಪ್ಪನ್‌ಪೇಟೆಯವಳು. ಅಪ್ಪ ಧರ್ಮಪ್ಪ ಅಲ್ಲಿ ಬಸ್ ಏಜೆಂಟ್ ಆಗಿದ್ದರು. ಬಸ್ಸು ಬಂದರೆ ಊರಿನ ಹೆಸರು ಕೂಗಿ ಜನರನ್ನು ಹತ್ತಿಸುವುದು, ಹೊತ್ತಿಗೆ ಸರಿಯಾಗಿ ಸೀಟಿ ಊದಿ ಹೊರಡಿಸುವುದು, ಬಸ್ಸಿನ ಮೇಲೆ ಕಳಿಸುವ ಸಾಮಾನಿಗೆ ಜವಾಬ್ದಾರನಾಗಿರುವುದು, ಇದು ಅವರ ಕಸುಬಾಗಿತ್ತು. ನಮ್ಮ ಕಡೆ ಬಸ್ಸಿನ ಮೇಲೆ ಏನು ಬೇಕಾದರೂ ಹೋಗುತ್ತದೆ. ಹಾಸ್ಟೆಲ್ಲಿನ ಹುಡುಗಿಗೆ ಊಟದ ಕ್ಯಾರಿಯರ್, ಮರೆತು ಹೋದ ಬೀಗದ ಕೈ, ಮದುವೆ ಹೆಣ್ಣಿನ ರವಿಕೆ, ಹೊಲಿಸಿ ತಂದ ಚಪ್ಪಲಿ, ಎಲ್ಲ ಡ್ರೈವರಿನ ಪಕ್ಕದ ಆ ಬಿಸಿ ಎಂಜಿನ್ ಪೆಟ್ಟಿಗೆಯ ಮೇಲೆ ಕೂತು ಊರು ಸೇರುತ್ತವೆ. ಕಳೆದುಹೋದದ್ದನ್ನು ನಾನಂತೂ ಕಂಡಿಲ್ಲ. ಕುಮುದಾ ಆ ನಿಲ್ದಾಣದಲ್ಲೇ ಬೆಳೆದಳು. ಕಳಿಸಿದ ಸಾಮಾನು ತಲುಪಿಯೇ ತಲುಪುತ್ತದೆ ಎಂಬ ನಂಬಿಕೆ ಅವಳಿಗೆ ಅಪ್ಪನಿಂದ ಬಂದದ್ದು.

ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಒದ್ದಾಡಿ, ಕೊನೆಗೆ ನಮ್ಮ ಆಸ್ಪತ್ರೆಗೆ ಬಂದಳು. ನಮ್ಮದು ಒಂದು ಟ್ರಸ್ಟಿನ ಆಸ್ಪತ್ರೆ. ದೊಡ್ಡದು ಸಾಗರದಲ್ಲಿ, ಚಿಕ್ಕ ಶಾಖೆಗಳು ರಿಪ್ಪನ್‌ಪೇಟೆಯಲ್ಲಿ ಮತ್ತು ತೀರ್ಥಹಳ್ಳಿಯಲ್ಲಿ. ರಕ್ತ ಪರೀಕ್ಷೆಯ ದೊಡ್ಡ ಯಂತ್ರ ಇರುವುದು ಸಾಗರದಲ್ಲಿ ಮಾತ್ರ. ಶಾಖೆಗಳಲ್ಲಿ ತೆಗೆದ ರಕ್ತವನ್ನು ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುವ ಪದ್ಧತಿ ಶುರು ಮಾಡಿದವಳೇ ಕುಮುದಾ. ಏಜೆಂಟನ ಮಗಳಲ್ಲವೇ, ಕಂಡಕ್ಟರುಗಳೆಲ್ಲ ಅವಳಿಗೆ ಅಣ್ಣಂದಿರು. ರಕ್ತ ಬಸ್ಸಲ್ಲಿ ಹೋಗುತ್ತಿತ್ತು, ವರದಿ ಕಂಪ್ಯೂಟರಿನಲ್ಲಿ ವಾಪಸ್ಸು ಬರುತ್ತಿತ್ತು. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಡಾಕ್ಟರ ಎದುರಿನ ಪರದೆಯ ಮೇಲೆ ಅಂಕಿ ಕಾಣುತ್ತಿತ್ತು.

ಈ ಕಂಪ್ಯೂಟರಿನ ವಿಷಯ ನನಗೆ ಅವಳು ಅನ್ನ ಬಸಿಯುತ್ತ ಹೇಳಿಕೊಟ್ಟದ್ದು, ನನಗೆ ತಿಳಿದಷ್ಟೇ ಹೇಳುತ್ತೇನೆ. ರೋಗಿಗಳ ಎಲ್ಲ ಮಾಹಿತಿ ಇರುವುದು ಸಾಗರದ ಡೇಟಾಬೇಸಿನಲ್ಲಿ. ಪ್ರತಿ ಶಾಖೆಯಲ್ಲೂ ಒಂದು ಸರ್ವರ್ ಇದೆ, ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಡೆಯುವಂಥದ್ದು. ಡಾಕ್ಟರ ಪರದೆ ಸರ್ವರನ್ನು ಕೇಳುತ್ತದೆ, ಸರ್ವರ್ ಸಾಗರದ ಡೇಟಾಬೇಸನ್ನು ಕೇಳುತ್ತದೆ. ಇವೆರಡರ ನಡುವೆ ಮಾತು ಹೊತ್ತು ತರುವ ಚಿಕ್ಕ ಪ್ರೋಗ್ರಾಂ ಒಂದಿದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಆ ಡ್ರೈವರಿಗೆ ಎಲ್ಲಿಗೆ ಹೋಗಬೇಕು, ಯಾವ ಹೆಸರಿನಲ್ಲಿ, ಯಾವ ಗುಟ್ಟಿನ ಪದ ಹೇಳಿ ಒಳಗೆ ಹೋಗಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಮೊದಲೇ ಬರೆದಿಡಬೇಕು. ಪ್ರತಿ ಸಲ ಹೊಸದಾಗಿ ಹೋದರೆ ತಡವಾಗುತ್ತದೆಂದು ಕೆಲವು ಸಂಪರ್ಕಗಳನ್ನು ಸದಾ ತೆರೆದೇ ಇಟ್ಟಿರುತ್ತಾರೆ. ಕುಮುದಾಳ ಕೆಲಸ ಇದೆಲ್ಲವನ್ನೂ ಸರಿಯಾಗಿ ಬರೆದು ನಿಗಾ ಇಡುವುದು.

ತೊಂದರೆ ಇದ್ದದ್ದು ಲೈನಿನಲ್ಲಿ. ಮೂರು ತಾಲೂಕಿಗೂ ಕೇಬಲ್ಲು ಬರುವುದು ರಸ್ತೆ ಪಕ್ಕದ ಚರಂಡಿಯ ದಾರಿಯಲ್ಲಿ. ಇವತ್ತು ರಸ್ತೆ ಅಗಲ ಮಾಡುವ ಜೆಸಿಬಿ, ನಾಳೆ ನೀರಿನ ಪೈಪು ಹಾಕುವ ಜೆಸಿಬಿ, ಯಾರ ಹಲ್ಲಿಗೋ ಸಿಕ್ಕಿ ಕೇಬಲ್ಲು ತುಂಡಾಗುತ್ತಿತ್ತು. ಲೈನು ಹೋದರೆ ತೆರೆದಿಟ್ಟ ಸಂಪರ್ಕಗಳೆಲ್ಲ ಸತ್ತಂತೆ. ಆದರೆ ಸತ್ತದ್ದು ಸರ್ವರಿಗೆ ಗೊತ್ತಾಗುತ್ತಿರಲಿಲ್ಲ, ಸತ್ತ ಸಂಪರ್ಕವನ್ನೇ ಪರದೆಯ ಕೈಗೆ ಕೊಟ್ಟು ಸುಮ್ಮನಾಗುತ್ತಿತ್ತು. ಪರದೆ ಹಾಗೇ ನಿಂತುಬಿಡುತ್ತಿತ್ತು. ಕೌಂಟರಿನಲ್ಲಿ ಜನ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ತೀರ್ಥಹಳ್ಳಿಯಲ್ಲಿ ಮೇಳಿಗೆ ಎಂಬ ಊರಿಂದ ಬಂದ ಒಬ್ಬ ಮುದುಕನಂತೂ ಕಿಟಕಿಯ ಗಾಜಿಗೆ ಕೊಡೆಯಿಂದ ಕುಟ್ಟಿ, "ನಿಮ್ ಪೆಟ್ಟಿಗೆ ಏಳೋವರ್ಗೂ ನನ್ ಜ್ವರ ಕಾಯ್ತದಾ?" ಎಂದು ಕೇಳಿದ್ದನಂತೆ.

ಕುಮುದಾಳಿಗೆ ಅದು ಮುಖಕ್ಕೆ ಹೊಡೆದ ಹಾಗಾಯಿತು. ಹಟ ಹಿಡಿದು ಕೂತಳು. ಸಂಪರ್ಕವನ್ನು ಕೊಡುವ ಮೊದಲು ಸರ್ವರ್ ಅದನ್ನು ಬದುಕಿದ್ದೀಯಾ ಎಂದು ಕೇಳಿ ನೋಡಬೇಕು, ಹಾಗೆ ಬರೆದಳು. ಬದುಕಿಲ್ಲದಿದ್ದರೆ? ಅದಕ್ಕೊಂದು ಉಪಾಯ ಹುಡುಕಿದಳು. ಡ್ರೈವರಿಗೆ ಒಂದರ ಬದಲು ಎರಡು ವಿಳಾಸ ಕೊಡಬಹುದು. ಮೊದಲನೆಯದು ಸಿಗದಿದ್ದರೆ ತಾನಾಗಿಯೇ ಎರಡನೆಯದಕ್ಕೆ ಹೋಗುತ್ತದೆ. ಮೊದಲ ವಿಳಾಸ ಸಾಗರ. ಎರಡನೆಯದಾಗಿ ಪ್ರತಿ ಶಾಖೆಯಲ್ಲೇ ಡೇಟಾಬೇಸಿನ ಒಂದು ನಕಲು ಇಟ್ಟಳು. ಆ ನಕಲಿಗೆ ದಿನಾ ನಸುಕಿನಲ್ಲಿ ಸಾಗರದಿಂದ ಹೊಸ ಮಾಹಿತಿ ಬಂದು ಸೇರುತ್ತಿತ್ತು. ಲೈನು ಹೋದರೂ ಪರದೆ ನಿಲ್ಲುವುದಿಲ್ಲ. ಜನ ಬೈಯುವುದಿಲ್ಲ.

ಪರದೆ ನಿಂತಿದ್ದರೇ ಒಳ್ಳೆಯದಿತ್ತು ಎಂದು ಈಗ ಹೇಳುವುದು ಸುಲಭ. ಅವತ್ತು ಎಲ್ಲರೂ ಅವಳನ್ನು ತಲೆ ಮೇಲೆ ಹೊತ್ತು ಕುಣಿದರು, ನಾನೂ ಸೇರಿ.

ಅವಳು ಬುದ್ಧಿವಂತೆ. ನಕಲು ಎಂದರೆ ಬೆಳಗಿನ ಜಾವದ ಮಾಹಿತಿ, ಆಮೇಲಿನದು ಅದರಲ್ಲಿ ಇರುವುದಿಲ್ಲ ಎಂಬುದು ಗೊತ್ತಿದ್ದವಳು. ಅದಕ್ಕೇ ಎರಡನೇ ವಿಳಾಸದ ಮೇಲೆ ನಡೆಯುವಾಗ ಪರದೆಯ ತಲೆಯ ಮೇಲೆ ಕೆಂಪು ಪಟ್ಟಿ ಬರುವ ಹಾಗೆ ಮಾಡಿದ್ದಳು: "ಇದು ಬೆಳಗಿನ ನಕಲು. ಹೊಸ ವರದಿ ಇರಲಾರದು." ಆದರೆ ಲೈನು ಅರೆಗಳಿಗೆ ಹೋಗಿ ಬಂದರೂ ಆ ಪಟ್ಟಿ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡಾಗಲೆಲ್ಲ ಎರಡೂ ಶಾಖೆಯಿಂದ ಅವಳಿಗೆ ಫೋನು. ಕೌಂಟರಿನಲ್ಲಿ ರೋಗಿಗಳು ಆ ಕೆಂಪು ನೋಡಿ ತಮ್ಮ ಕಾಯಿಲೆಯೇ ಕೆಂಪಾಯಿತೆಂದು ಗಾಬರಿ ಬೀಳುತ್ತಿದ್ದರಂತೆ. ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು. ಒಂದು ದಿನ ಅನ್ನದ ತಟ್ಟೆ ಬದಿಗೆ ಸರಿಸಿ, "ಪುಷ್ಪಕ್ಕ, ಆ ಪಟ್ಟಿ ತೆಗ್ದಾಕ್ತೀನಿ. ಸತ್ತಿದ್ ಲೈನ್ ಕಾಲ್ ಗಂಟೆಲಿ ಬತ್ತದೆ, ಅಷ್ಟಕ್ಕೆ ಇಷ್ಟು ರಂಪ ಎಂತಕ್ಕೆ?" ಎಂದಳು. ಯಾರೂ ಅವಳಿಗೆ ತೆಗೆ ಎಂದು ಹೇಳಲಿಲ್ಲ. ಯಾರೂ ಬೇಡ ಎಂದೂ ಹೇಳಲಿಲ್ಲ. ಅವಳೇ ತೆಗೆದಳು.

ಆಮೇಲೆ ಶಾಂತಿಯೋ ಶಾಂತಿ. ಮೊದಲು ಲೈನು ಹೋದರೆ ಪರದೆ ನಿಲ್ಲುತ್ತಿತ್ತಾದ್ದರಿಂದ, ಪರದೆ ನಡೆಯುತ್ತಿದೆ ಎಂದರೆ ಲೈನಿದೆ ಎಂದೇ ಶಾಖೆಯವರ ಲೆಕ್ಕ. ಆ ಹಳೇ ಲೆಕ್ಕ ಅವರ ತಲೆಯಿಂದ ಹೋಗಿರಲಿಲ್ಲ. ಈಗ ಪರದೆ ಯಾವಾಗಲೂ ನಡೆಯುತ್ತಿತ್ತು. ಹಾಗಾಗಿ ಲೈನೂ ಯಾವಾಗಲೂ ಇದೆ ಎಂದು ಅವರು ಅಂದುಕೊಂಡರು. ನಮ್ಮ ಆಸ್ಪತ್ರೆಯ ಕಂಪ್ಯೂಟರು ಸುಳ್ಳು ಹೇಳುವುದಿಲ್ಲ, ನಿಲ್ಲುವುದೂ ಇಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಸಾಗರದ ಲ್ಯಾಬಿನ ರವೀಶ ಮೊದಲೆಲ್ಲ ಕೆಟ್ಟ ಅಂಕಿ ಬಂದರೆ ಶಾಖೆಗೆ ಫೋನು ಮಾಡಿ ಹೇಳುತ್ತಿದ್ದ. ಬರಬರುತ್ತ ಆ ಅಭ್ಯಾಸವೂ ಬಿಟ್ಟುಹೋಯಿತು. ಪರದೆಯಲ್ಲಿ ಹೇಗೂ ಕಾಣುತ್ತದಲ್ಲ ಎಂದುಕೊಂಡ.

ಆ ವರ್ಷ ಫೆಬ್ರವರಿ ಕೊನೆಗೆ ಜ್ವರದ ಕಾಲ ಜೋರಾಗಿತ್ತು. ಕಾಡಿನ ಅಂಚಿನ ಊರುಗಳಲ್ಲಿ ಮಂಗ ಸತ್ತ ಸುದ್ದಿ, ಮಂಗನ ಕಾಯಿಲೆಯ ಭಯ. ರಿಪ್ಪನ್‌ಪೇಟೆ ಶಾಖೆಗೆ ಹೂವಪ್ಪ ಎಂಬಾತ ಬಂದ. ಹುಂಚದ ರಸ್ತೆಯ ಕಡೆಯ ಒಂದು ಕೇರಿಯವನು, ಜಂಬಿಟ್ಟಿಗೆ ಕಲ್ಲು ಕಡಿಯುವ ಗಟ್ಟಿ ಆಳು. ಜೊತೆಗೆ ಹೆಂಡತಿ ಗುತ್ಯಮ್ಮ. ಶಾಖೆಯ ಡಾಕ್ಟರು ಮಯೂರ, ಹೊಸದಾಗಿ ಓದು ಮುಗಿಸಿ ಬಂದವನು, ಒಳ್ಳೆಯ ಹುಡುಗ. ರಕ್ತ ತೆಗೆಸಿ ಸಾಗರಕ್ಕೆ ಕಳಿಸಿದ. ಪ್ಲೇಟ್‌ಲೆಟ್ ಒಂದು ಲಕ್ಷ ನಲವತ್ತು ಸಾವಿರ ಬಂತು. ಸ್ವಲ್ಪ ಕಡಿಮೆ, ಹೆದರುವಷ್ಟಲ್ಲ. ಇಂಥ ಜ್ವರದಲ್ಲಿ ಆ ಅಂಕಿ ಒಮ್ಮೆಲೇ ಕುಸಿಯುವುದುಂಟು, ಕುಸಿದರೆ ಮೈಯೊಳಗೆ ರಕ್ತ ಒಸರಲು ಶುರುವಾಗುತ್ತದೆ. ಅದಕ್ಕೇ ಒಂದು ದಿನ ಬಿಟ್ಟು ಮತ್ತೆ ಬನ್ನಿ ಎಂದ.

ಮತ್ತೆ ಬಂದ ದಿನ ಬೆಳಿಗ್ಗೆಯೇ ರಕ್ತ ಕೊಟ್ಟ, ಡಬ್ಬಿ ಸಾಗರದ ಬಸ್ಸು ಹತ್ತಿತು. ಗಂಡ ಹೆಂಡತಿ ವರದಿಗಾಗಿ ಆಸ್ಪತ್ರೆಯ ಬೆಂಚಿನ ಮೇಲೇ ಕಾದರು. ಬಸ್ಸು ಹೊರಟ ಮೇಲೆ ದಾರಿಯಲ್ಲೆಲ್ಲೋ ಜೆಸಿಬಿ ಕೇಬಲ್ಲು ಹರಿಯಿತು. ಮೊಬೈಲಿನ ಟವರೂ ಅದೇ ಕೇಬಲ್ಲಿಗೆ ಜೋತುಬಿದ್ದದ್ದು, ಅದೂ ಸತ್ತಿತು. ಪರದೆ ಮಾತ್ರ ಏನೂ ಆಗದ ಹಾಗೆ ನಡೆಯುತ್ತಲೇ ಇತ್ತು. ಟವರ್ ಇಲ್ಲ ಎಂದು ಗೊಣಗಿದರೇ ಹೊರತು ಲೈನು ಹೋಗಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಸಾಗರದಲ್ಲಿ ರವೀಶ ಹೂವಪ್ಪನ ರಕ್ತ ಯಂತ್ರಕ್ಕೆ ಹಾಕಿದ. ಇಪ್ಪತ್ತೆರಡು ಸಾವಿರ. ಕೂಡಲೇ ಶಾಖೆಗೆ ಫೋನು ಹಚ್ಚಿದ, ಹೋಗಲಿಲ್ಲ. ಅಂಕಿಯನ್ನು ಕಂಪ್ಯೂಟರಿಗೆ ಹಾಕಿ, ಡಾಕ್ಟರು ನೋಡಿಕೊಳ್ಳುತ್ತಾರೆ ಎಂದು ಮುಂದಿನ ಕೆಲಸಕ್ಕೆ ತಿರುಗಿದ.

ರಿಪ್ಪನ್‌ಪೇಟೆಯಲ್ಲಿ ಮಯೂರ ಪರದೆ ತೆರೆದ. ಹೊರಗೆ ಜ್ವರದವರ ಸಾಲು. ಹೂವಪ್ಪನ ಕೊನೆಯ ವರದಿ ಎಂದು ಕೇಳಿದ, ಸರ್ವರ್ ಎರಡನೇ ವಿಳಾಸದಿಂದ ತಂದುಕೊಟ್ಟಿತು: ಒಂದು ಲಕ್ಷ ನಲವತ್ತು ಸಾವಿರ. ಕೆಳಗೆ ಸಣ್ಣಕ್ಷರದಲ್ಲಿ ತಾರೀಕು ಇತ್ತು. ಅವನು ನೋಡಲಿಲ್ಲ. ಗುತ್ಯಮ್ಮನ ಮುಖದ ಕಡೆ ಪರದೆ ತಿರುಗಿಸಿ, "ನೋಡಿ ಅಮ್ಮ, ಒಂದು ಲಕ್ಷದ ಮೇಲೆ ಇದೆ, ಇಳಿದಿಲ್ಲ. ಮನೆಗೆ ಕರ್ಕೊಂಡು ಹೋಗಿ, ನೀರು ಕುಡಿಸ್ತಾ ಇರಿ" ಎಂದ. ಗುತ್ಯಮ್ಮ ಅಕ್ಷರ ಓದುವವಳಲ್ಲ, ಅಂಕಿ ಗೊತ್ತು. ಕಣ್ಣಾರೆ ಎಣಿಸಿ ನೋಡಿ, ಕೈ ಮುಗಿದು ಹೊರಟಳು.

ಸಂಜೆ ಹೂವಪ್ಪನಿಗೆ ಮೈಕೈ ನೋವು ತಡೆಯಲಾಗಲಿಲ್ಲ. ಕಲ್ಲು ಕಡಿಯುವವರ ಮನೆಯಲ್ಲಿ ನೋವಿನ ಮಾತ್ರೆ ಇದ್ದೇ ಇರುತ್ತದೆ, ಗುತ್ಯಮ್ಮ ಒಂದು ಕೊಟ್ಟಳು. ಮಾರನೇ ಬೆಳಿಗ್ಗೆ ಅವನ ವಸಡಿನಲ್ಲಿ ರಕ್ತ, ವಾಂತಿಯಲ್ಲಿ ಕಪ್ಪು. ಮಗ ಕುಮಾರ ತನ್ನ ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ರಿಪ್ಪನ್‌ಪೇಟೆಗೆ ತಂದ. ಅಷ್ಟರಲ್ಲಿ ಕೇಬಲ್ಲು ಜೋಡಿಸಿಯಾಗಿತ್ತು. ಮಯೂರ ಪರದೆ ತೆರೆದರೆ ಇಪ್ಪತ್ತೆರಡು ಸಾವಿರ ಎಂದು ಕಣ್ಣಿಗೆ ಕುಕ್ಕುತ್ತಿತ್ತು, ನಿನ್ನೆಯ ತಾರೀಕಿನದು. ಅವನ ಮುಖ ಬಿಳುಚಿಕೊಂಡಿತು ಎಂದು ಅಲ್ಲಿಯ ಆಯಾ ಹೇಳಿದಳು. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಆಯನೂರು ಸೇರುವ ಮೊದಲೇ ಹೂವಪ್ಪನ ಜೀವ ಹೋಯಿತು.

ನಾನು ನರ್ಸು, ಸಾವು ನನಗೆ ಹೊಸದಲ್ಲ. ಆದರೆ ಹಿಂದಿನ ದಿನ ಮಧ್ಯಾಹ್ನವೇ ಆ ಅಂಕಿ ಕಂಡಿದ್ದರೆ ಅವನು ಸಂಜೆಯೊಳಗೆ ಶಿವಮೊಗ್ಗದ ಹಾಸಿಗೆಯಲ್ಲಿರುತ್ತಿದ್ದ, ಮೈಗೆ ಬೇಕಾದ್ದು ಏರುತ್ತಿತ್ತು. ಉಳಿಯುತ್ತಿದ್ದ ಎಂದೇ ನನ್ನ ನಂಬಿಕೆ.

ಮಣ್ಣು ಮಾಡಿದ ಮೇಲೆ ಕುಮಾರ ಕೇರಿಯವರನ್ನು ಕಟ್ಟಿಕೊಂಡು ಆಸ್ಪತ್ರೆಗೆ ಬಂದ. ಅವನು ಮಯೂರನ ಅಂಗಿ ಹಿಡಿದ. ಮನೆಗೆ ಕಳಿಸಿದ ದಿನ ಪರದೆಯಲ್ಲಿ ಬೇರೆ ಅಂಕಿ ಇತ್ತು ಎಂದು ಮಯೂರ ಹೇಳಿದರೆ ಯಾರು ನಂಬುತ್ತಾರೆ? ಪರದೆ ಎದುರಿಗೇ ಇದೆ, ಅದರಲ್ಲಿ ಇಪ್ಪತ್ತೆರಡು ಸಾವಿರ ಇದೆ. ಹುಡುಗ ಗಾಬರಿಯಲ್ಲಿ ಕೇಳಿದ: "ಮನೇಲಿ ಏನಾದ್ರೂ ಕೊಟ್ರಾ?" ಗುತ್ಯಮ್ಮ ಸೆರಗಿನ ತುದಿ ಹಿಡಿದು, "ಮೈ ನೋವಿಗೆ ಒಂದು ಮಾತ್ರೆ ಕೊಟ್ಟಿದ್ದೆ" ಎಂದಳು. ಇಂಥ ಜ್ವರದಲ್ಲಿ ಆ ಮಾತ್ರೆ ಕೊಡಬಾರದು, ರಕ್ತ ಒಸರುವುದು ಜಾಸ್ತಿಯಾಗುತ್ತದೆ ಎಂದ ಮಯೂರ. ಸುಳ್ಳೇನಲ್ಲ. ಆದರೆ ಒಂದು ಮಾತ್ರೆಯಿಂದ ಯಾರೂ ಸಾಯುವುದಿಲ್ಲ ಎಂಬ ಅರ್ಧ ಮಾತು ಅವನ ಬಾಯಲ್ಲೇ ಉಳಿಯಿತು. ಇಡೀ ಗುಂಪು ತಿರುಗಿ ಗುತ್ಯಮ್ಮನನ್ನು ನೋಡಿತು. ಅಂಕಿ ಕುಸಿದದ್ದೂ ಆ ಮಾತ್ರೆಯಿಂದಲೇ ಎಂದು ಎಲ್ಲರೂ ಅಂದುಕೊಂಡರು. ಕುಮಾರ ಅಂಗಿ ಬಿಟ್ಟ. ಅವತ್ತಿನಿಂದ ಹೂವಪ್ಪನನ್ನು ಕೊಂದದ್ದು ಹೆಂಡತಿಯ ಮಾತ್ರೆ ಎಂದು ಊರಲ್ಲಿ ತೀರ್ಮಾನವಾಯಿತು.

ಡಾಕ್ಟರು ಬೇರೆ ಅಂಕಿ ಕಂಡೆ ಎನ್ನುತ್ತಿದ್ದಾರೆ ಎಂಬ ಸುದ್ದಿ ಕುಮುದಾಳ ಕಿವಿಗೆ ಬಿದ್ದದ್ದು ಎರಡು ದಿನ ಬಿಟ್ಟು. ಆಸ್ಪತ್ರೆಯಲ್ಲಿ ಎಲ್ಲರೂ ನಕ್ಕು ಬಿಟ್ಟ ಮಾತು ಅದು. ಅವಳು ನಗಲಿಲ್ಲ. ರಿಪ್ಪನ್‌ಪೇಟೆಯ ಸರ್ವರ್ ಅವತ್ತು ಯಾವ ಹೊತ್ತಿನಲ್ಲಿ ಯಾವ ವಿಳಾಸಕ್ಕೆ ಹೋಗಿತ್ತು ಎಂದು ತೆಗೆದು ನೋಡಿದಳು. ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಳು.

"ಪುಷ್ಪಕ್ಕ, ಡಾಕ್ಟ್ರು ಹೇಳಿದ್ದು ಖರೆ. ಅವ್ರಿಗೆ ಹಳೇದೇ ಕಂಡಿದ್ದು."

"ಎಂತ ಹೇಳ್ತಿದೀಯ ಮಾರಾಯ್ತಿ?"

"ಬೆಳಿಗ್ಗೆಯಿಂದ ಸಂಜೆವರ್ಗೂ ಎರಡ್ನೇ ವಿಳಾಸದ ಮೇಲೇ ಓಡಿದೆ. ಪಟ್ಟಿ ಇದ್ದಿದ್ರೆ ಕಾಣ್ತಿತ್ತು. ಪಟ್ಟಿ ತೆಗ್ದಿದ್ದು ನಾನು. ಆ ಹೆಂಗಸಿನ ಮಾತ್ರೆ ಅಲ್ಲ ಪುಷ್ಪಕ್ಕ, ನಾನು."

ಅಳುತ್ತಾಳೇನೋ ಎಂದು ನೋಡಿದೆ. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವುದಕ್ಕಾದರೂ ಒಂದು ದಾರಿ ಇರುತ್ತಿತ್ತು.

ಮರುದಿನವೇ ಎರಡೂ ಶಾಖೆಯಲ್ಲಿ ಎರಡನೇ ವಿಳಾಸ ಅಳಿಸಿದಳು. ಈಗ ಲೈನು ಹೋದರೆ ಪರದೆ ನಿಲ್ಲುತ್ತದೆ, ಜನ ಬೈಯುತ್ತಾರೆ, ಬೈಯಲಿ. ಆಮೇಲೆ ಆಡಳಿತಾಧಿಕಾರಿ ಶಂಕರನಾರಾಯಣರ ಮುಂದೆ ನಿಂತು ಎಲ್ಲ ಹೇಳಿದಳು, ನಾನೂ ಜೊತೆಗಿದ್ದೆ. ಅವರು ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಕನ್ನಡಕ ತೆಗೆದು ಒರೆಸುತ್ತ ಕೂತರು. "ಕೇಬಲ್ ಕಡ್ದವ್ನು ಯಾರೋ. ತಾರೀಕು ನೋಡ್ದೆ ಇದ್ದವ್ರು ಡಾಕ್ಟ್ರು. ಫೋನು ಮಾಡಿ ಸುಮ್ನಾದವ್ನು ರವೀಶ. ನೀನು ಆಸ್ಪತ್ರೆ ನಿಲ್ಲಬಾರ್ದು ಅಂತ ಮಾಡ್ದವ್ಳು. ನಿನ್ನೊಬ್ಳ ತಲೆ ಮೇಲೆ ಹೆಂಗೆ ಹಾಕ್ಲಿ ಕುಮುದಾ? ಸರಿ ಮಾಡಿದೀಯಲ್ಲ, ಸಾಕು. ನಿನ್ ಕೆಲ್ಸಕ್ಕೆ ಏನೂ ಆಗೋದಿಲ್ಲ, ನಾನಿದೀನಿ" ಎಂದರು.

"ಸಾರ್, ಆ ಹೆಂಗಸು?"

"ಈಗ ಹೋಗಿ ಹೇಳಿದ್ರೆ ಹೋದವ್ರು ಬರ್ತಾರಾ? ಹುಣ್ಣು ಕೆರ್ದ ಹಾಗೆ ಆಗ್ತದೆ ಅಷ್ಟೆ."

ಮಯೂರನಿಗೂ ಫೋನು ಮಾಡಿದಳು. ಅವನು ಅಷ್ಟರಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದ. ಎಲ್ಲ ಕೇಳಿ, "ತಾರೀಕು ನಾನು ನೋಡ್ಬೇಕಿತ್ತು" ಎಂದಷ್ಟೇ ಹೇಳಿ ಇಟ್ಟನಂತೆ. ಅವನು ವಾಪಸ್ಸು ಬರಲೇ ಇಲ್ಲ.

ಕುಮುದಾ ಒಂದೇ ಹಟಕ್ಕೆ ಬಿದ್ದಳು. ಗುತ್ಯಮ್ಮನ ಎದುರು ನಿಂತು, ನಿನ್ನ ಮಾತ್ರೆಯಲ್ಲ ಎಂದು ಹೇಳಬೇಕು. ಗಂಡನನ್ನು ಕಳೆದುಕೊಂಡದ್ದೇ ಸಾಲದೆ, ಕೊಂದವಳು ತಾನೇ ಎಂದು ಆ ಹೆಂಗಸು ಬದುಕಬಾರದು. ಅದು ಅವಳಿಗೆ ಅನ್ನ ನೀರಿಗಿಂತ ಹೆಚ್ಚಾಯಿತು. ನಾನು ಬೈದೆ, ಅವರ ಕೈಗೆ ಸಿಕ್ಕರೆ ಹೊಡೆದಾರು ಎಂದು ಹೆದರಿಸಿದೆ. "ಹೊಡೀಲಿ, ಹೊಡೆದ್ರೆ ನಂಬಿದ್ರು ಅಂತ ಆತಲ್ಲ" ಎಂದಳು. ಇಂಥವಳನ್ನು ಒಬ್ಬಳೇ ಹೇಗೆ ಕಳಿಸುವುದು? ಭಾನುವಾರ ಬಸ್ಸು ಹತ್ತಿದೆವು.

ಮನೆ ಹೂವಪ್ಪ ತಾನೇ ಕಡಿದ ಕಲ್ಲಿನದು, ಗಾರೆ ಕಂಡಿರಲಿಲ್ಲ. ಜಗಲಿಯ ಮೇಲೆ ಕುಮಾರ ಹೋಟೆಲಿನ ಪೊಟ್ಟಣ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದ. ಒಳಗೆ ಒಲೆ ಉರಿಯುತ್ತಿತ್ತು, ಸಾರಿನ ವಾಸನೆ ಹೊರಗೆಲ್ಲ ಬರುತ್ತಿತ್ತು. ಅಮ್ಮ ಮಾಡಿದ್ದನ್ನು ಮಗ ಮುಟ್ಟುವುದಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಗುತ್ಯಮ್ಮ ಚಾಪೆ ಹಾಸಿದಳು, ಆದರೆ ಬಂದವರಿಗೆ ನೀರು ಬೆಲ್ಲ ಏನೂ ತರಲಿಲ್ಲ. ಎಂಥ ಮನೆಯಪ್ಪಾ ಇದು ಎಂದು ನನಗೆ ಮನಸ್ಸಿನಲ್ಲೇ ಕಿರಿಕಿರಿಯಾಯಿತು. ಬಾಗಿಲ ಮರೆಯಲ್ಲಿ ನಿಂತು ಅವಳೇ ಮೆಲ್ಲಗೆ ಕೇಳಿದಳು: "ನನ್ ಕೈಯಿಂದ ಕೊಟ್ರೆ ಕುಡಿತೀರಾ?" ನನ್ನ ಕಿರಿಕಿರಿಗೆ ಬೆಂಕಿ ಬಿತ್ತು. ಕುಡಿಯುತ್ತೇವಮ್ಮ, ಎಷ್ಟು ಕೊಟ್ಟರೂ ಕುಡಿಯುತ್ತೇವೆ ಎಂದೆ.

ಗುತ್ಯಮ್ಮ ಚಹಾ ತಂದಿಟ್ಟಳು. ಕುಮುದಾ ಅದನ್ನು ಕುಡಿಯುವುದಕ್ಕೂ ಕಾಯಲಿಲ್ಲ. ಹೇಳಿದಳು. ಸರ್ವರ್, ಡ್ರೈವರ್ ಯಾವ ಹೆಸರೂ ಎತ್ತದೆ ತಾಯಿಗೆ ತಿಳಿಯುವ ಹಾಗೆ ಹೇಳಿದಳು. ರಕ್ತದ ಡಬ್ಬಿ ಸಾಗರ ಸೇರಿತ್ತು, ಕೆಟ್ಟ ಅಂಕಿ ಅಲ್ಲಿ ಬಂದಿತ್ತು, ಈ ಕಡೆ ಬರಲು ದಾರಿ ಇರಲಿಲ್ಲ, ದಾರಿ ಇಲ್ಲದಾಗ ಹಳೆಯದನ್ನು ತೋರಿಸು ಎಂದು ಯಂತ್ರಕ್ಕೆ ಹೇಳಿಕೊಟ್ಟವಳು ನಾನು, ಹಳೆಯದು ಎಂದು ಕೂಗಿ ಹೇಳುವುದನ್ನು ಬಾಯಿ ಮುಚ್ಚಿಸಿದವಳೂ ನಾನು. ನೀವು ಪರದೆಯಲ್ಲಿ ಕಂಡದ್ದು ಹಿಂದಿನ ಅಂಕಿ. ನಿಮ್ಮ ಮಾತ್ರೆಯಿಂದ ಅಲ್ಲ. ನರ್ಸಮ್ಮನನ್ನೂ ಕೇಳಿ. ನಾನೂ ಹೌದು ಎಂದೆ, ಒಂದು ಮಾತ್ರೆ ಯಾರನ್ನೂ ಕೊಲ್ಲುವುದಿಲ್ಲ ಎಂದೆ.

ಗುತ್ಯಮ್ಮ ಕೇಳುತ್ತ ಕೇಳುತ್ತ ಕೆಳಗೆ ಕೂತಳು. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿದ್ದನ್ನು ನಾನು ಕಂಡೆ. ಮಗನ ಕಡೆ ನೋಡಿದಳು.

ಕುಮಾರ ಪೊಟ್ಟಣ ಮಡಿಚಿ ಕೈ ತೊಳೆದುಕೊಂಡ. "ಮೇಡಮ್ಮೋರೆ, ಇದು ಆಸ್ಪತ್ರೆಯೋರಿಗೆ ಗೊತ್ತೈತಾ?"

"ಗೊತ್ತಿದೆ. ನಾನೇ ಹೇಳಿದೀನಿ."

"ಕೆಲ್ಸದಿಂದ ತೆಗುದ್ರಾ ನಿಮ್ಮನ್ನ?"

"ಇಲ್ಲ."

"ಬೈದ್ರಾ?"

ಕುಮುದಾ ತಲೆ ತಗ್ಗಿಸಿದಳು. "ಇಲ್ಲ."

"ಮತ್ತೆಂತ ತಪ್ಪು ಅದು? ಒಬ್ಬನ್ ಜೀವ ತೆಗ್ದೋರನ್ನ ಯಾರಾದ್ರೂ ಕುರ್ಚಿ ಮೇಲೆ ಕೂರ್ಸ್ಕಂಡಿರ್ತಾರಾ? ನಾನು ಆಟೋದಲ್ಲಿ ಒಂದು ಮೂಟೆ ಬೀಳ್ಸಿದ್ರೆ ನಾಳೆ ನಂಗೆ ಲೋಡ್ ಕೊಡಲ್ಲ." ಅವನು ತಾಯಿಯ ಕಡೆ ತಿರುಗಿದ. "ನೀನೇ ಹೇಳಿ ಕರ್ಸಿದ್ಯಾ ಇವ್ರನ್ನ?"

"ಇಲ್ಲ ಮಗ, ನಾ ಇವ್ರನ್ನ ಕಂಡೇ ಇಲ್ಲ."

ಕುಮಾರ ಆಟೋ ಹತ್ತಿ ಹೋದ. ನಾನು ಅವನ ಹಿಂದೆಯೇ ಬಾಯಿ ಬಿಟ್ಟು ಬೈದೆ, ಅವನಿಗೆ ಕೇಳಿಸಿತೋ ಇಲ್ಲವೋ.

ಗುತ್ಯಮ್ಮನ ಮುಖದ ಬೆಳಕು ಆರಿಹೋಗಿತ್ತು. ಕುಮುದಾಳ ಕೈ ಹಿಡಿದುಕೊಂಡು, "ನಂಗೆ ಅಂಕಿ ಬತ್ತದೆ ಮಗ. ನಾನೇ ಎಣ್ಸಿ ನೋಡಿದೀನಿ, ಸರಿ ಇತ್ತು. ನಿಮ್ ಆಸ್ಪತ್ರೆ ಯಂತ್ರ ಸುಳ್ಳು ಹೇಳಲ್ಲ ಅಂತ ಪೇಟೆಗೆಲ್ಲ ಗೊತ್ತು. ಮನೆಗೆ ಬರೋವಾಗ ಚೆನ್ನಾಗಿದ್ರು. ನಾನು ಮಾತ್ರೆ ಕೊಟ್ಟ ಮೇಲೇ ಆಗಿದ್ದು. ನೀನು ಒಳ್ಳೇ ಹುಡುಗಿ, ನನ್ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದು ಮೈ ಮೇಲೆ ಹಾಕ್ಕಂತಿದೀಯ" ಎಂದಳು. ಕುಮುದಾ ಬೇಡಿಕೊಂಡಳು, ಆಣೆ ಇಟ್ಟಳು. ಆಣೆ ಇಟ್ಟಷ್ಟೂ ಆ ಹೆಂಗಸು ಅವಳ ತಲೆ ಸವರುತ್ತಿದ್ದಳು.

ಮಾರನೇ ವಾರ ಕುಮುದಾ ರಾಜೀನಾಮೆ ಕೊಟ್ಟಳೆಂದು ನನಗೆ ಬೇರೆಯವರಿಂದ ತಿಳಿಯಿತು. ಶಂಕರನಾರಾಯಣರು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಮನೆಗೆ ಬಂದವಳ ಮೇಲೆ ನಾನು ಹರಿಹಾಯ್ದೆ. ಅಪ್ಪನಿಗೆ ಕಾಲಿನ ಸ್ವಾಧೀನ ತಪ್ಪಿ ಏಜೆಂಟ್ ಕೆಲಸ ಹೋಗಿದೆ, ಮನೆ ನಡೆಯುವುದು ಇವಳ ಸಂಬಳದಲ್ಲಿ. ಆ ಕುಮಾರ ಒಂದು ಮಾತು ಅಂದನೆಂದು ಅನ್ನದ ತಟ್ಟೆ ಒದೆಯುವುದೇ?

"ಅವ್ನು ಕೇಳಿದ್ದು ಸರಿ ಇತ್ತು ಪುಷ್ಪಕ್ಕ" ಎಂದಳು. "ನಾನು ಅಲ್ಲಿ ಕೂತಿರೋವರ್ಗೂ ಅವ್ರು ನಂಬಲ್ಲ. ಈಗ ನಂಬ್ತಾರೆ."

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಹಗುರ ಕಂಡೆ. ನನ್ನ ಸ್ವಂತ ಮಗಳು ಪರೀಕ್ಷೆ ಪಾಸಾದ ದಿನ ಕಂಡ ಹಾಗಿತ್ತು. ಬೈಯುವುದನ್ನು ನಿಲ್ಲಿಸಿದೆ. ಮತ್ತೆ ಬಸ್ಸು ಹತ್ತಿದೆವು.

ಈ ಸಲ ಕುಮಾರ ಇರಲಿಲ್ಲ. ಗುತ್ಯಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ಕಂಡು ಬೂದಿಯ ಕೈಯಲ್ಲೇ ಎದ್ದು ನಕ್ಕಳು, ಬಡಕಲಾಗಿದ್ದಳು.

"ಗುತ್ಯಮ್ಮ, ನಾನು ಕೆಲ್ಸ ಬಿಟ್ಟೆ" ಎಂದಳು ಕುಮುದಾ. "ತಪ್ಪು ನಂದು ಅಂತಲೇ ಬಿಟ್ಟೆ. ನಿಮ್ ಮಗನಿಗೆ ಹೇಳಿ. ಈಗಾದ್ರೂ ನಂಬಿ."

ಗುತ್ಯಮ್ಮ ಅವಳ ಮುಖವನ್ನೇ ನೋಡಿದಳು. "ಖರೆನಾ? ಬಿಟ್ಟೇ ಬಿಟ್ಯಾ?"

"ಖರೆ."

"ನನ್ ಸಲ್ವಾಗಿ?"

"ನಿಮ್ ಸಲ್ವಾಗಿ."

ಗುತ್ಯಮ್ಮ ಬೂದಿಯ ಕೈಯಿಂದಲೇ ಹಣೆ ಚಚ್ಚಿಕೊಂಡಳು. "ಅಯ್ಯೋ, ಎಂತ ಪಾಪಿ ನಾನು. ಅವ್ರನ್ನ ತಿಂದ್ಕಂಡೆ. ಈಗ ಏನೂ ತಿಳೀದ ಹುಡುಗಿ ಅನ್ನನೂ ತಿಂದ್ಕಂಡ್ನಲ್ಲ."

ಕುಮುದಾ ಪಾತ್ರೆಗಳ ನಡುವೆ ಗುತ್ಯಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಗುತ್ಯಮ್ಮ ಅವಳನ್ನು ತಬ್ಬಿ ಹಿಡಿದು, "ನನ್ನ ಕ್ಷಮಿಸು ಮಗ, ನನ್ನ ಕ್ಷಮಿಸು" ಎಂದು ಅಳುತ್ತಲೇ ಇದ್ದಳು.